ನೀಲಗಂಗವ್ವನ ಗಡಿಗೆಯ ಹೆಪ್ಪು

ಇದು ನಿಜವಾಗಿ ನಡೆದದ್ದು. ಕಥೆ ಹೇಳುವವರೆಲ್ಲ ಹೀಗೇ ಶುರು ಮಾಡುತ್ತಾರೆಂದು ನನಗೂ ಗೊತ್ತು. ಆದರೆ ಅವರ ಕಥೆಗಳಿಗೆ ಸಾಕ್ಷಿ ಇರುವುದಿಲ್ಲ, ನನ್ನದಕ್ಕೆ ಇಡೀ ಓಣಿ ಸಾಕ್ಷಿ. ಇದರಲ್ಲಿ ಸುಳ್ಳು ಹೇಳಿದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರ ಸುಳ್ಳು ನನ್ನದಕ್ಕಿಂತ ಹನ್ನೊಂದು ವರ್ಷ ಹಿರಿಯದು.

ನಮ್ಮ ಊರಲ್ಲಿ ಹಾಲಿಗೆ ಮಜ್ಜಿಗೆ ಬಿಟ್ಟು ಹೆಪ್ಪು ಹಾಕುವುದಿಲ್ಲ. ಬಿಟ್ಟರೂ ಹಾಲು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ, ಕಾಸಿದ ಹಾಲು ಬೆರಳು ತಾಳುವಷ್ಟು ಆರಿದ ಮೇಲೆ, ಮನೆಯಲ್ಲೊಬ್ಬರು ಗಡಿಗೆಯ ಮೇಲೆ ಬಾಗಿ 'ಹೆಪ್ಪು' ಎನ್ನುತ್ತಾರೆ. ನೂರು ಎಣಿಸುವಷ್ಟರಲ್ಲಿ ಮೊಸರು. ಒಂದು ಮನೆಯ ಹಾಲು ಒಂದೇ ದನಿಗೆ ಒಲಿಯುತ್ತದೆ. ಹಾಗಾಗಿ ಮನೆಯ ದನಿಗೆ ನೆಗಡಿ ಬಂದರೆ ಮನೆಮಂದಿಯೆಲ್ಲ ಮೆಣಸಿನ ಕಷಾಯ ಹಿಡಿದುಕೊಂಡು ಹಿಂದೆ ತಿರುಗುತ್ತಾರೆ. ದನಿಯಾದವರು ಸಂತೆಯಲ್ಲಿ ಕೂಗುವುದಿಲ್ಲ, ಜಗಳ ಬಂದರೆ ಕೈಸನ್ನೆಯಲ್ಲೇ ಬಯ್ಯುತ್ತಾರೆ. ಮೊದಲು ನಮ್ಮ ಮನೆಯ ದನಿ ನನ್ನ ಅಕ್ಕ. ಅವಳ ಮದುವೆಯಾದ ಮೇಲೆ ನಾಲ್ಕು ತಿಂಗಳು ನಾವು ಬರೀ ಚಟ್ನಿಯಲ್ಲಿ ರೊಟ್ಟಿ ತಿಂದೆವು. ಆಮೇಲೆ ಹಾಲು ಅಪ್ಪನ ದನಿಗೆ ಒಲಿಯಿತು. ಒಮ್ಮೆ ಯಾರೋ ಟೇಪ್ ರೆಕಾರ್ಡರಿನಲ್ಲಿ ಮಾತು ತುಂಬಿಸಿ ಗಡಿಗೆಯ ಪಕ್ಕ ಇಟ್ಟರು. ಹಾಲು ಒಡೆಯಿತು. ಎಮ್ಮೆಯೂ ಎರಡು ದಿನ ಕೆಚ್ಚಲು ಮುಟ್ಟಗೊಡಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಕುಳಿತು ಆ ಪದ ಆಡುವುದೆಂದರೆ ಕೇಳದೆ ಅವರ ಒಲೆಗೆ ಕೈ ಹಾಕಿದ ಹಾಗೆ, ಅದಕ್ಕೇ ಎಲ್ಲರೂ ಅದನ್ನು 'ಆ ಮಾತು' ಎನ್ನುತ್ತಾರೆ. ನನ್ನ ಗೆಳೆಯ ರಾಚಯ್ಯ ದವಾಖಾನೆಯಲ್ಲಿ ಕಂಪೌಂಡರ್. ಪೆಟ್ಟು ಬಿದ್ದ ರೋಗಿಗೂ ಅವನು "ರಕ್ತ ಆ ಮಾತು ಆಗೇತಿ, ಹೆದರಬ್ಯಾಡ್ರಿ" ಎಂದೇ ಹೇಳುವವನು.

ನಾನು ಅಂದಾನಪ್ಪ, ಊರಿಗೆಲ್ಲ ಅಂದಾನಿ. ದೂರದ ಕಾಲೇಜಿನಲ್ಲಿ ಎಂ.ಎ. ಓದುವಾಗ ಈ ಒಂದು ಪದದ ಮೇಲೇ ಪ್ರಬಂಧ ಬರೆದೆ. ನಿಘಂಟು ಅದಕ್ಕೆ ಎರಡು ಸಾಲು ಕೊಟ್ಟಿತ್ತು, ನಾನು ನೂರಾ ನಲವತ್ತು ಪುಟ ಕೊಟ್ಟೆ. ಹಾಲು ಗಟ್ಟಿಯಾಗುವುದೂ ಹೆಪ್ಪು, ಬೇರೆ ಊರುಗಳಲ್ಲಿ ಅದಕ್ಕೆಂದು ಬಿಡುವ ಚಮಚ ಮಜ್ಜಿಗೆಯೂ ಹೆಪ್ಪು. ಗಾಯದ ಬಾಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಮನುಷ್ಯ ಎದ್ದು ಕೂರುತ್ತಾನೆ, ಅದೇ ರಕ್ತ ತಲೆಯೊಳಗೆ ಹೆಪ್ಪುಗಟ್ಟಿದರೆ ಮಲಗಿಬಿಡುತ್ತಾನೆ. ಚಳಿಗೆ ನೀರು ಹೆಪ್ಪುಗಟ್ಟುತ್ತದೆ, ಹೆದರಿಕೆಗೆ ಮೈ. ಹರಿಯುವುದನ್ನು ಬಿಟ್ಟು ಮುದ್ದೆಯಾಗಿ ನಿಂತದ್ದಕ್ಕೆಲ್ಲ ಒಂದೇ ಮಾತು. ಪದದ ಮೂಲ ಹುಡುಕಿಕೊಂಡು ಊರಿನ ಅಜ್ಜಿಯರ ಬಳಿ ಹೋದೆ. ಒಬ್ಬಳು ಅದು ಊರಿನ ಮೊದಲ ಎಮ್ಮೆಯ ಹೆಸರೆಂದಳು. ಇನ್ನೊಬ್ಬಳು ಮೊಸರಾಗುವಾಗ ಹಾಲು ಒಳಗೇ ಮಾಡಿಕೊಳ್ಳುವ ಸದ್ದೆಂದಳು. ಮೂರನೆಯವಳು ಬೆಪ್ಪಾಗಿ ಕುಳಿತ ನನ್ನ ಮುಖ ನೋಡಿ, ಆ ಪದ ನನ್ನ ವಂಶದಿಂದಲೇ ಬಂದಿರಬೇಕೆಂದಳು.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಪ್ರಬಂಧ ಮುಚ್ಚಿಟ್ಟು ಒಂದೇ ಪ್ರಶ್ನೆ ಕೇಳಿದರು. "ಮೊಸರಾಗಲು ಹೆಪ್ಪು ಬೇಕು. ಹೆಪ್ಪಿಗೆ ಮೊಸರು ಬೇಕು. ಹಾಗಾದರೆ ಮೊದಲ ಹೆಪ್ಪು ಎಲ್ಲಿಂದ ಬಂತು?" ಉತ್ತರ ಗೊತ್ತಿಲ್ಲದಾಗ ನಾನು ಮಾಡುವುದೊಂದೇ, ಎದುರಿಗಿದ್ದವರ ದನಿ ತೆಗೆಯುವುದು. ಅವರದೇ ಮೂಗುದನಿಯಲ್ಲಿ "ಒಳ್ಳೆಯ ಪ್ರಶ್ನೆ" ಎಂದೆ. ಬಾಗಿಲಲ್ಲಿದ್ದ ಜವಾನನೂ ನಕ್ಕ, ಅವರು ನಗಲಿಲ್ಲ. ಪಾಸಾದೆ, ಆದರೆ ನೌಕರಿ ಮಾತ್ರ ಎಲ್ಲೂ ಗಟ್ಟಿಯಾಗಲಿಲ್ಲ. ಊರಿಗೆ ಬಂದು ಟ್ಯೂಷನ್ ಹೇಳಿಕೊಡುತ್ತ, ಬಸ್ ಕಂಡಕ್ಟರನಿಂದ ಹೆಡ್‌ಮಾಸ್ತರರವರೆಗೆ ಎಲ್ಲರ ದನಿಯಲ್ಲೂ ಮಾತಾಡುತ್ತ, ಎರಡು ಹೊತ್ತು ನೀಲಗಂಗವ್ವನ ಖಾನಾವಳಿಯಲ್ಲಿ ಉಣ್ಣತೊಡಗಿದೆ. ಅಪ್ಪ ಅಷ್ಟರಲ್ಲಿ ಅಕ್ಕನ ಊರು ಸೇರಿದ್ದರು.

ಆ ಖಾನಾವಳಿಯಲ್ಲಿ ಎರಡು ಬೆಂಚು, ಬಿಸಿ ರೊಟ್ಟಿ, ಎಣ್ಣೆಗಾಯಿ ಮತ್ತು ಬಟ್ಟಲು ಬೋರಲು ಹಾಕಿದರೂ ಬೀಳದ ಮೊಸರು. ಮಂದಿ ಬರುತ್ತಿದ್ದದ್ದು ಆ ಮೊಸರಿಗೆ. ಮೊಸರಿನ ದನಿ ನೀಲಗಂಗವ್ವನ ಗಂಡ ಕಳಕಪ್ಪನದು. ಹನ್ನೊಂದು ವರ್ಷದ ಹಿಂದೆ ಅವನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಬಲಗೈ, ಬಲಗಾಲು ಬಿದ್ದುಹೋದವು. ಆಮೇಲೆ ಅಡುಗೆಮನೆಗೆ ಪರದೆ ಬಂತು, ಪರದೆಯ ಹಿಂದೆ ಅವನು ಮಲಗುವ ಹೊರಸು. ಹಗಲಿಡೀ ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನೋಡಲು ಹೋದವರಿಗೆ ನೀಲಗಂಗವ್ವ, "ಉಳದಿದ್ದು ಒಂದ ಮಾತು, ಸಂಜಿಗೆ ಬೇಕಾಗತೈತಿ" ಎನ್ನುತ್ತಿದ್ದಳು. ನಮ್ಮ ಊರಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಸಂಜೆ ಪರದೆಯ ಹಿಂದಿನಿಂದ ದನಿ ಬರುತ್ತಿತ್ತು, ಒರಳುಕಲ್ಲನ್ನು ನೆಲದ ಮೇಲೆ ಎಳೆದ ಹಾಗೆ ದಪ್ಪಗೆ, ಒಂದೇ ಸಲ. ನಾವು ತುತ್ತು ಕೈಯಲ್ಲೇ ಹಿಡಿದು ಆಲಿಸುತ್ತಿದ್ದೆವು. ನಾನು ಕಲಿತ ದನಿಗಳಲ್ಲೆಲ್ಲ ಕಷ್ಟದ್ದು ಅದು. ಕಲಿಯಲು ಒಂದು ವರ್ಷ ಹಿಡಿಯಿತು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೀಲಗಂಗವ್ವ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನ್ನ ಹೆಡ್‌ಮಾಸ್ತರರ ದನಿಗೆ ಬೆಂಚುಗಳೇ ಅಲುಗಾಡುವಾಗಲೂ ಅವಳ ಸೆರಗಿನ ತುದಿ ಬಾಯಿಗೆ ಹೋಗುತ್ತಿತ್ತು, ನಗು ಅಲ್ಲೇ ಅಡಗುತ್ತಿತ್ತು.

ಈ ವರ್ಷ ಕಳಕಪ್ಪ ತೀರಿಕೊಂಡ.

ಮನೆಯ ದನಿ ಸತ್ತರೆ ಮೂವತ್ತು ದಿನದ ಗಡುವು. ಮೂವತ್ತನೆಯ ದಿನ ಬಸಲಿಂಗಜ್ಜ ಬರುತ್ತಾನೆ. ಊರಿನ ಗಡಿಗೆಗಳ ಹಿರಿಯ ಅವನು. ಹಾಲಿನ ಗಡಿಗೆಯನ್ನು ಅಂಗಳಕ್ಕೆ ತರಿಸುತ್ತಾನೆ. ಮನೆಯವರು ಅದರ ಮೇಲೆ ಬಾಗಿ ಮೂರು ಸಲ ಅನ್ನಬಹುದು. ಮೂರಕ್ಕೂ ಹಾಲು ಕೇಳದಿದ್ದರೆ ಗಡಿಗೆಯನ್ನು ಬಾಗಿಲ ಗೂಟಕ್ಕೆ ಬೋರಲು ಹಾಕುತ್ತಾರೆ. ಆಮೇಲೆ ಆ ಮನೆ ಹೊರಗಿನವರಿಗೆ ಮೊಸರು ಬಡಿಸುವ ಹಾಗಿಲ್ಲ. ಖಾನಾವಳಿ ಮುಚ್ಚಿದ ಹಾಗೇ. ನೀಲಗಂಗವ್ವನಿಗೆ ಮಕ್ಕಳಿಲ್ಲ. ಬೇರೆ ಊರಿನಿಂದ ತಮ್ಮ ಹೇಳಿ ಕಳಿಸಿದ್ದ, ಬಂದು ಇದ್ದುಬಿಡು, ನಮ್ಮಲ್ಲಿ ಮಜ್ಜಿಗೆ ಬಿಟ್ಟರೆ ಸಾಕು ಎಂದು.

"ಅಲ್ಲಿ ಹೋಗಿ ಏನ್ ಮಾಡ್ಲಿ?" ಎಂದಳು ರೊಟ್ಟಿ ಬಡಿಯುತ್ತ. "ಮೂಲ್ಯಾಗ ಕುಂತು ಉಣಬೇಕು. ಇಲ್ಲಿ ಐವತ್ತು ಮಂದಿ ನನ್ನ ಕೈ ನೋಡತಾರ. ಅಲ್ಲಿ ಹಾಲೂ ನನ್ನ ಮಾತು ಕೇಳಂಗಿಲ್ಲ, ಹೊರಗಿನವರೂ ಕೇಳಂಗಿಲ್ಲ."

ಇಪ್ಪತ್ತು ದಿನ ಅವಳು ತನ್ನ ದನಿಯಲ್ಲಿ ಪ್ರಯತ್ನ ಮಾಡಿದಳು. ಪರದೆಯ ಹಿಂದಿನಿಂದ ತೆಳ್ಳಗೆ ಕೇಳುತ್ತಿತ್ತು. ಹಾಲು ಹಾಲಾಗೇ ಉಳಿಯಿತು. ಬೆಂಚಿನ ಮೇಲೆ ಮಂದಿ ಕಡಿಮೆಯಾದರು. ಇಪ್ಪತ್ತೊಂದನೆಯ ದಿನ ರಾಚಯ್ಯ ಬರೀ ಅನ್ನ ಕಲಸುತ್ತ, "ಕಳಕಪ್ಪ ಒಂದ ಸಲ ಬಂದು ಅಂದು ಹೋಗಿದ್ರ ಚಲೋ ಇತ್ತು ನೋಡಪಾ" ಎಂದ. ಅವನು ಸಂಕಟದಿಂದ ಹೇಳಿದ. ನನಗೆ ಕೇಳಿಸಿದ್ದು ಬೇರೆ. ನಾಲಿಗೆ ತುರಿಸಿತು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅಡುಗೆಮನೆಯ ಕಿಟಕಿಯ ಕೆಳಗೆ ಕುಳಿತೆ. ಅವಳು ಬೆಚ್ಚಿಬಿದ್ದ ಮೇಲೆ ತಲೆ ಎತ್ತಿ ಹಲ್ಲು ಕಿರಿಯುವುದು, ಬಯ್ಗುಳದ ಜೊತೆ ಒಂದು ರೊಟ್ಟಿ ಹೆಚ್ಚಿಗೆ ಗಿಟ್ಟಿಸುವುದು, ನನ್ನ ಯೋಜನೆ ಅಷ್ಟೇ. ಅವಳು ತನ್ನ ದನಿಯಲ್ಲಿ ಒಮ್ಮೆ ಅಂದು, ಕಾದು, ಗಡಿಗೆ ಬಿಟ್ಟು ತಿರುಗಿದಳು. ನಾನು ಒರಳುಕಲ್ಲು ಎಳೆದೆ.

"ಹೆಪ್ಪು."

ಒಳಗೆ ಏನೂ ಬೀಳಲಿಲ್ಲ. ಯಾರೂ ಕಿರುಚಲಿಲ್ಲ. ನಾನು ಮೆಲ್ಲಗೆ ಕಣ್ಣು ಮೇಲೆತ್ತಿದೆ. ನೀಲಗಂಗವ್ವ ಗಡಿಗೆಯೊಳಗೆ ಬೆರಳಿಟ್ಟು ನೋಡುತ್ತಿದ್ದಳು. ಅವಳು ಕೈ ತೆಗೆದರೂ ಬೆರಳಿಟ್ಟ ತಗ್ಗು ಹಾಗೇ ಉಳಿದಿತ್ತು. ಹಾಲು ಮೊಸರಾಗಿತ್ತು. ನನ್ನ ಪ್ರಬಂಧದ ನೂರಾ ನಲವತ್ತು ಪುಟಗಳಲ್ಲಿ ಹೆದರಿಕೆಗೆ ಮೈ ಹೆಪ್ಪುಗಟ್ಟುತ್ತದೆಂದು ಬರೆದಿದ್ದೆನಲ್ಲ, ಆವತ್ತು ಗೊತ್ತಾಯಿತು. ಹಾಲು ಮನೆಯ ಹೊರಗಿನವನ ದನಿಗೆ ಒಲಿದದ್ದನ್ನು ನಮ್ಮ ಊರಲ್ಲಿ ಯಾರೂ ಕಂಡಿಲ್ಲ. ಮಂದಿಯ ಗಡಿಗೆಗೆ ದನಿ ಹಾಕಿದವನನ್ನು ಊರು ಒಂದು ವರ್ಷ ಮಾತಾಡಿಸುವುದಿಲ್ಲ, ಆದರೆ ಆ ಶಿಕ್ಷೆ ಯಾರಿಗೂ ಆದದ್ದು ಕೇಳಿರಲಿಲ್ಲ. ಒಲಿದರೆ ತಾನೇ.

ಅವಳು ಕಿಟಕಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತಳು. ತಿರುಗಿ ನೋಡಲಿಲ್ಲ.

"ಬಂದ್ರೇನು?" ಎಂದಳು. ಗಡಿಗೆಯ ಬಾಯಿಗೆ ತಟ್ಟೆ ಮುಚ್ಚಿ, "ನಾಳೆನೂ ಇದ ಹೊತ್ತಿಗೆ ಬರ್ರಿ" ಎಂದಳು.

ಗಂಡ ಬಂದನೆಂದು ನಂಬಿ ಕುಳಿತ ಹೆಂಗಸಿಗೆ ತಲೆ ಎತ್ತಿ ಹಲ್ಲು ಕಿರಿಯಲು ನನಗೆ ಆಗಲಿಲ್ಲ. ಮರುದಿನ ಹೋಗದೆ ಇರಲೂ ಆಗಲಿಲ್ಲ. ಹೋದೆ, ಅಂದೆ, ಮೊಸರಾಯಿತು. ಮೂರನೆಯ ದಿನ ಅವಳು ಗಂಡನಿಗೆ ಮನೆಯ ಸುದ್ದಿ ಹೇಳತೊಡಗಿದಳು.

"ಕೇಳಾಕತ್ತೀರೇನು? ಆ ಅಂದಾನಿ ಅಂತ ಒಬ್ಬ ಬರ್ತಾನಲ್ರೀ, ಎಂ.ಎ. ಆದಾವ. ಐದು ರೊಟ್ಟಿ ತಿಂದು ಮೂರು ಅಂತಾನ. ನಿಮಗ ಈಗ ಕನಸಿನ್ಯಾಗ ಹೋಗಾಕ ಬರತೈತಂತಲ್ಲ, ಅವನ ಕನಸಿನ್ಯಾಗ ಹೋಗಿ ಮುಂಜಾನೆ ಬಂದು ಎರಡು ಕೊಡ ನೀರು ಸೇದು ಅಂತ ಹೇಳ್ರಿ. ನನ್ನ ರಟ್ಟಿ ನೋಯ್ತಾವ."

ಕಿಟಕಿಯ ಕೆಳಗೆ ನನ್ನ ಹೊಟ್ಟೆಯೊಳಗಿನ ಐದೂ ರೊಟ್ಟಿ ಒಮ್ಮೆಗೇ ಎದ್ದು ಕುಳಿತವು. ಮರುದಿನ ಬೆಳಿಗ್ಗೆ ಹೋಗಿ ನೀರು ಸೇದಿದೆ. "ಯಾಕ ತಮ್ಮಾ, ಇವತ್ತ ಹಿಂಗ?" ಎಂದು ಕೇಳಿದಳು. "ಹಂಗ ಸುಮ್ನ, ಒಂದು ಕನಸು ಬಿತ್ತು" ಎಂದೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒಯ್ದಳು. ಅಳು ತಡೆಯುತ್ತಿದ್ದಾಳೆಂದು ಎಣಿಸಿ ನನಗೆ ಮತ್ತೆರಡು ಕೊಡ ಸೇದುವಷ್ಟು ಸಂಕಟವಾಯಿತು. ಅಲ್ಲಿಂದ ದಿನಕ್ಕೊಂದು. ಅಂದಾನಿಗೆ ಉಳ್ಳಾಗಡ್ಡಿ ಹೆಚ್ಚಲು ಹೇಳಿರಿ. ಅಂದಾನಿಗೆ ಮಾಡಿನ ಹಂಚು ಸರಿಸಲು ಹೇಳಿರಿ. ಅಂದಾನಿಗೆ ಗಡ್ಡ ಬೋಳಿಸಿಕೊಳ್ಳಲು ಹೇಳಿರಿ, ಉಣ್ಣುವವರಿಗೆ ಅಸಹ್ಯ. ಎಂಟನೆಯ ದಿನದ ಹೊತ್ತಿಗೆ ನನ್ನ ಕೈ ಉಳ್ಳಾಗಡ್ಡಿ ನಾರುತ್ತಿತ್ತು, ಗಲ್ಲ ಮಿಂಚುತ್ತಿತ್ತು.

ಖಾನಾವಳಿಯ ಬೆಂಚು ಮತ್ತೆ ತುಂಬಿತು. ಮೊಸರು ಎಲ್ಲಿಯದೆಂದು ಕೇಳಿದವರಿಗೆ ಅವಳು, "ಅವರು ಬರ್ತಾರ" ಎನ್ನುತ್ತಿದ್ದಳು. ಕೇಳಿದವರು ಪರದೆಯ ಕಡೆ ಓರೆಗಣ್ಣಿನಿಂದ ನೋಡುತ್ತಿದ್ದರು, ಆದರೂ ಯಾರೂ ಮೊಸರು ಬಿಟ್ಟು ಏಳಲಿಲ್ಲ. ಸುದ್ದಿ ಬಸಲಿಂಗಜ್ಜನಿಗೂ ಮುಟ್ಟಿತು. ಅವನು ಬಂದು, ಬಡಿಸಿದ್ದನ್ನು ಉಂಡು, ಮೀಸೆ ಒರೆಸಿಕೊಂಡು ಹೇಳಿದ: "ಸತ್ತಾವ ಬಂದು ಅಂದ್ರ ನಮ್ಮದೇನು ತಕರಾರಿಲ್ಲವಾ. ಆದ್ರ ಅಂಗಳಕ್ಕ ಬಂದು ಎಲ್ಲರ ಮುಂದ ಅನ್ನಬೇಕು. ಪರದಿ ಹಿಂದಿನ ಮಾತು ನಡಿಯಂಗಿಲ್ಲ."

ಇಪ್ಪತ್ತೊಂಬತ್ತನೆಯ ಸಂಜೆ ನಾನು ಅಂದು ಮುಗಿಸಿದ ಮೇಲೆ ಅವಳು ಅಂದಾನಿಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಅದೇ ಬೆನ್ನು ಹಾಕಿದ ಭಂಗಿಯಲ್ಲಿ ಕೇಳಿದಳು.

"ನಾಳೆ ಗಡಿಗಿ ಅಂಗಳಕ್ಕ ಹೋಗತೈತಿ. ಅಲ್ಲಿ ಕಿಟಕಿ ಇಲ್ಲ. ಏನ್ ಮಾಡ್ತೀರಿ?"

ಆ ದಪ್ಪ ದನಿಯಲ್ಲಿ ನನಗೆ ಬರುತ್ತಿದ್ದದ್ದು ಒಂದೇ ಪದ. ಉತ್ತರ ಕೊಡಲು ಇನ್ನೊಂದು ಪದವಾದರೂ ಬೇಕಿತ್ತು. ಎದ್ದು ಬಂದೆ.

ಮೂವತ್ತನೆಯ ದಿನ ಹೊತ್ತು ಇಳಿಯುವ ಮುಂಚೆಯೇ ಅಂಗಳ ತುಂಬಿತ್ತು. ಸತ್ತವನು ಬರುತ್ತಾನೋ ಇಲ್ಲವೋ ನೋಡಲು ಕಟ್ಟೆಯ ಮೇಲೆ ಹತ್ತಿ ನಿಂತವರಿದ್ದರು. ರಾಚಯ್ಯ ದವಾಖಾನೆಯಿಂದ ನೇರ ಬಂದವನು ಖಾನಾವಳಿಯ ಚಹಾದ ಲೋಟ ಹಿಡಿದು ನನ್ನ ಪಕ್ಕ ನಿಂತ. ಗಡಿಗೆ ನಡುವೆ ಇತ್ತು. ನೀಲಗಂಗವ್ವ ಬಾಗಿ ತನ್ನ ದನಿಯಲ್ಲಿ ಅಂದಳು. ಬಸಲಿಂಗಜ್ಜ ನೂರು ಎಣಿಸಿ ಗಡಿಗೆ ಓರೆ ಮಾಡಿದ. ಹಾಲು ಅಂಚಿಗೆ ಹರಿದು ಬಂತು. ಎರಡನೆಯ ಸಲ ಅಂದಳು. ಹಾಲು ಮತ್ತೆ ಹರಿಯಿತು. ಬಾಗಿಲ ಗೂಟ ಅವಳ ತಲೆಯ ಮೇಲೇ ಇತ್ತು. ಅವಳು ಅದರ ಕಡೆ ನೋಡಲಿಲ್ಲ, ಗುಂಪಿನಲ್ಲಿ ಯಾರನ್ನೋ ಹುಡುಕುತ್ತಿದ್ದಳು. ಕಣ್ಣು ನನ್ನ ಮೇಲೆ ನಿಂತಿತು.

ನಾನು ಮುಂದೆ ಹೋದೆ. ವರ್ಷವಿಡೀ ಯಾರೂ ಮಾತಾಡಿಸದಿದ್ದರೆ ನನ್ನಂಥವನು ಹೇಗೆ ಬದುಕಬೇಕೆಂದು ದಾರಿಯ ಆ ಹತ್ತು ಹೆಜ್ಜೆಯಲ್ಲಿ ಯೋಚಿಸಿದೆ. ಬೇರೆಯವರ ದನಿ ಇಲ್ಲದೆ ನನ್ನ ಬಾಯಲ್ಲಿ ಏನಿದೆ?

"ಅಜ್ಜಾ, ಕಳಕಪ್ಪ ಕಾಕಾ ಬಂದಿಲ್ಲ. ಅಂದಾವ ನಾನು. ಚ್ಯಾಷ್ಟಿ ಮಾಡಾಕ ಹೋಗಿದ್ದೆ. ಹಾಲು ಕೇಳ್ತು. ಆಮ್ಯಾಲ ಹೇಳಾಕ ಧೈರ್ಯ ಆಗಲಿಲ್ಲ. ಶಿಕ್ಷಾ ನನಗ ಕೊಡ್ರಿ, ಗಡಿಗಿ ಬೋರಲು ಹಾಕಬ್ಯಾಡ್ರಿ."

ಅಂಗಳ ಕಲ್ಲಾಯಿತು. ರಾಚಯ್ಯ ಇದ್ದಲ್ಲಿಂದಲೇ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಬಸಲಿಂಗಜ್ಜ ಶಿಕ್ಷೆ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ, ಒರಳುಕಲ್ಲು ನೆಲದ ಮೇಲೆ ಎಳೆದ ಹಾಗೆ, ಕಳಕಪ್ಪನ ದನಿ ಕೇಳಿತು.

"ಅಂದಾನಿ, ಉಳ್ಳಾಗಡ್ಡಿ ಹೆಚ್ಚಿದೇನು?"

ಅದು ನನ್ನ ಬಾಯಿಂದ ಬಂದದ್ದಲ್ಲ. ಕಟ್ಟೆಯ ಮೇಲಿದ್ದ ಇಬ್ಬರು ಕೆಳಗೆ ಜಾರಿದರು. ನಾನು ಸುತ್ತ ನೋಡಿದೆ, ಆಕಾಶ ನೋಡಿದೆ, ಕಡೆಗೆ ನೀಲಗಂಗವ್ವನ ಬಾಯಿ ನೋಡಿದೆ.

"ಸೊಂಟ ಬಗ್ಗಿಸಿ ಕಿಟಕಿ ಕೆಳಗ ಒಂಬತ್ತು ದಿನ ಕುಂತಿ, ನೋಯ್ಲಿಲ್ಲೇನು?" ಎಂದಿತು ಆ ಬಾಯಿ, ಅದೇ ದಪ್ಪ ದನಿಯಲ್ಲಿ. ಆಮೇಲೆ ತನ್ನ ದನಿಗೆ ಇಳಿದು ಬಸಲಿಂಗಜ್ಜನಿಗೆ ಹೇಳಿದಳು. "ಅವರು ಬಿದ್ದ ದಿನಾನ ದನಿ ಹೋತ್ರೀ ಅಜ್ಜಾ. ಹನ್ನೊಂದು ವರ್ಷ ಒಂದು ಮಾತೂ ಆಡಿಲ್ಲ. ನನ್ನ ಮಾತು ಹಾಲು ಆಗೂ ಕೇಳಲಿಲ್ಲ. ಹೊಟ್ಟಿ ನಡೀಬೇಕಲ್ಲ, ಅವರ ಹಂಗ ಅನ್ನಾಕ ನೋಡಿದೆ. ಈ ಅಂದಾನಿಗಿದ್ದಂಥ ವಿದ್ಯಾ ನನಗೆಲ್ಲಿ? ಅವರ ದನಿ ಬರಲಿಲ್ಲ. ಅವರದೂ ಅಲ್ಲ, ನನ್ನದೂ ಅಲ್ಲ, ಯಾವುದೋ ಒಂದು ದಪ್ಪ ದನಿ ಬಂತು. ಹಾಲಿಗೆ ಏನ್ ಅನಿಸ್ತೋ, ಮಸರಾತು. ಅವರು ಹೊರಸಿನ ಮ್ಯಾಲ ಮಕ್ಕೊಂಡು ಸಪ್ಪಳಿಲ್ಲದ ನಕ್ರು. ಆ ದನಿ ಕೆಡಬಾರದಂತ ನಾನೂ ಆವತ್ತಿಂದ ಬಾಯಿ ಬಿಟ್ಟು ನಕ್ಕಿಲ್ಲ."

"ಕಳಕನ ದನಿ..." ಎಂದ ಬಸಲಿಂಗಜ್ಜ. ಕಣ್ಣು ಮುಚ್ಚಿ ನೆನಪಿಸಿಕೊಂಡ. ಮುಖ ಬಿಳಿಚಿಕೊಂಡಿತು. "ಹೌದಲ್ಲೋ. ಕಳಕನ ದನಿ ಸಣ್ಣದಿತ್ತು. ಕೊಳಲಿನಂಗ ಇತ್ತು."

ಒಬ್ಬೊಬ್ಬರಿಗೇ ನೆನಪಾಯಿತು. ನಮ್ಮ ನಡುವೆಯೇ ಬದುಕಿದ್ದ ಒಬ್ಬ ಮನುಷ್ಯನ ದನಿಯನ್ನು ಇಡೀ ಊರು ಮರೆತು, ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟುಕೊಂಡಿತ್ತು. ಅಲ್ಲಿದ್ದವರ ಮುಖಗಳಲ್ಲಿ ಸತ್ತವನು ಬಂದಿದ್ದರೂ ಕಾಣದಂಥ ಗಾಬರಿ ಕಂಡಿತು. ನನ್ನದು ಎಲ್ಲರಿಗಿಂತ ಹೆಚ್ಚು. ಒಂದು ವರ್ಷ ಕಷ್ಟಪಟ್ಟು ನಾನು ಕಲಿತದ್ದು ಕಳಕಪ್ಪನನ್ನಲ್ಲ. ಹಾಲು ಒಂಬತ್ತು ದಿನ ಗುರುತಿಸಿದ್ದು ನೀಲಗಂಗವ್ವನನ್ನು.

"ಹಂಗಾರ ಮೊದಲನೇ ದಿನಾನ ನಿಮಗ..." ಎಂದೆ.

"ಗೊತ್ತಾತು. ಸತ್ತಾವ ಬಂದಿದ್ರ ತನ್ನ ದನೀಲೆ ಬರ್ತಿದ್ದ. ನನ್ನ ದನಿ ಕಡಾ ತಗೊಂಡು ಯಾಕ ಬರ್ತಾನ?"

"ಮತ್ತ ಸುಮ್ನ ಯಾಕ ಇದ್ರಿ?"

"ಮಂದಿ ಮಸರಿಲ್ಲದ ಏಳತಿದ್ರು. ಮತ್ತ ನನಗ ನೀರು ಸೇದೋರು ಬೇಕಾಗಿತ್ತು ತಮ್ಮಾ."

ಬಸಲಿಂಗಜ್ಜ ಗಂಟಲು ಸರಿಮಾಡಿಕೊಂಡ. ನ್ಯಾಯ ಇನ್ನೂ ಮುಗಿದಿರಲಿಲ್ಲ. "ಒಂದು ಸಲ ಉಳದೈತಿ ನೋಡವಾ. ಆ ದಪ್ಪ ದನೀಲೆ ಅಂದುಬಿಡು. ಹಾಲು ಕೇಳತೈತಿ, ಗಡಿಗಿ ನಿನ್ನದಾಗತೈತಿ. ನಮಗೂ ಹೊತ್ತಾತು."

"ಬ್ಯಾಡ್ರೀ. ಅದು ಅವರ ಸಲುವಾಗಿ ಹುಟ್ಟಿದ್ದು. ಅವರ ಕೂಡ ಹೋಗಲಿ. ಹನ್ನೊಂದು ವರ್ಷ ಆತು, ಅದುಮಿ ಹಿಡೀದಿದ್ರ ನನ್ನ ದನಿ ಹೆಂಗಿರತೈತಿ ಅನ್ನೋದ ನನಗ ನೆನಪಿಲ್ಲ. ಇದ್ರ ಅದಕ್ಕ ಆಗಲಿ, ಇಲ್ಲಂದ್ರ ಗಡಿಗಿ ಬೋರಲು ಹಾಕ್ರಿ, ತಮ್ಮನ ಮನಿಗೆ ಹೋಗ್ತೀನಿ."

ಯಾರೋ ಬೇಡವೆಂದರು, ಅವಳು ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಡಿಗೆಯ ಮೇಲೆ ಬಾಗಿದಳು. ನಾನು ಬಾಯಿ ಮುಚ್ಚುವುದನ್ನು ಮರೆತಿದ್ದೆನಂತೆ, ಆಮೇಲೆ ರಾಚಯ್ಯ ಹೇಳಿದ. ಅನ್ನುವ ಮುಂಚೆ ಅವಳು ಒಮ್ಮೆ ತಲೆ ಎತ್ತಿದಳು. ಎದುರಿಗೆ ನಾನು, ಬೋಳಿಸಿ ಮಿಂಚುವ ಗಲ್ಲ, ನೊಣ ಹೋಗಿ ಬರುವಷ್ಟು ತೆರೆದ ಬಾಯಿ. ಅವಳ ಕೈ ಅಭ್ಯಾಸಬಲದಿಂದ ಸೆರಗಿನ ತುದಿ ಹುಡುಕಿತು. ಸೆರಗು ಸೊಂಟದಲ್ಲಿತ್ತು.

ನೀಲಗಂಗವ್ವ ನಕ್ಕಳು. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ. ಮಾತು ಅನ್ನಲು ಬಾಯಿ ತೆರೆದಾಗಲೆಲ್ಲ ನಗುವೇ ಬಂತು. ಗಡಿಗೆಯ ಕಂಠ ಹಿಡಿದು, ಅದರೊಳಗೇ ಮುಖವಿಟ್ಟು, ಹನ್ನೊಂದು ವರ್ಷದ್ದನ್ನು ನಕ್ಕಳು. "ಐದು ರೊಟ್ಟಿ ತಿಂದು ಮೂರು ಅಂತಾನ್ರೀ" ಎಂದು ನಡುವೆ ಯಾರಿಗೋ ಹೇಳಿ ಮತ್ತೆ ನಕ್ಕಳು. ಆ ಪದವನ್ನು ಮಾತ್ರ ಆಡಲೇ ಇಲ್ಲ. ಬಸಲಿಂಗಜ್ಜ ಎಣಿಸುತ್ತಿದ್ದನೋ ಬಿಟ್ಟಿದ್ದನೋ ಗೊತ್ತಿಲ್ಲ. ಸರಿಯಮ್ಮಾ, ಇದನ್ನು ಒಂದು ಸಲವೆಂದು ಹಿಡಿಯುವುದಿಲ್ಲ, ಸುಧಾರಿಸಿಕೊಂಡು ಅನ್ನು ಎಂಬಂತೆ ಅವನು ಗಡಿಗೆಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳಲು ಹೋದ. ಗಡಿಗೆ ಓರೆಯಾಯಿತು. ಏನೂ ಹರಿಯಲಿಲ್ಲ. ಅವನು ಇನ್ನಷ್ಟು ಓರೆ ಮಾಡಿದ. ಆಮೇಲೆ ಪೂರಾ ಬೋರಲು ಮಾಡಿ ಹಿಡಿದ, ಗೂಟದ ಮೇಲೆ ಹಾಕುವ ಹಾಗೆಯೇ. ಒಂದು ಹನಿ ಬೀಳಲಿಲ್ಲ.

ಮೊದಲ ಹೆಪ್ಪು ಎಲ್ಲಿಂದ ಬಂತೆಂದು ಕೇಳಿದ ನನ್ನ ಪರೀಕ್ಷಕರು ಅಲ್ಲಿರಬೇಕಿತ್ತು ಎಂದುಕೊಂಡೆ. ಆ ಹೊತ್ತಿಗೆ ರಾಚಯ್ಯ ತನ್ನ ಲೋಟ ಎತ್ತಿ ಬಾಯಿಗೆ ಹಿಡಿದ. ಹಿಡಿದೇ ನಿಂತ. ಕೆಳಗಿಳಿಸಿ ಒಳಗೆ ನೋಡಿದ. ಲೋಟವನ್ನು ಎಲ್ಲರಿಗೂ ಕಾಣುವ ಹಾಗೆ ತಲೆಕೆಳಗು ಮಾಡಿದ. ಆ ಮನೆಯ ಹಾಲಿನ ಚಹಾ, ಸಕ್ಕರೆ ಸಮೇತ, ಲೋಟದೊಳಗೇ ಅಲುಗದೆ ಕುಳಿತಿತ್ತು.

ಆಗ ಅಂಗಳ ನಕ್ಕಿತು. ಬಸಲಿಂಗಜ್ಜ ಗಡಿಗೆ ಹಿಡಿದುಕೊಂಡೇ ನಕ್ಕ, ನಾನು ನನ್ನ ಶಿಕ್ಷೆ ಮರೆತು ನಕ್ಕೆ. ನಮ್ಮೆಲ್ಲರ ನಗೆಯ ಮೇಲೆ, ಓಣಿಯ ಕೊನೆಯ ಮನೆಗೂ ಕೇಳುವ ಹಾಗೆ, ನೀಲಗಂಗವ್ವನ ನಗೆ ಇತ್ತು. ಅವಳ ದನಿ ಹೇಗಿದೆಯೆಂದು ಊರಿಗೆ ತಿಳಿದದ್ದು ಆವತ್ತೇ.